ಮೊರೆ ಹೊಕ್ಕವನ ಬೆಲೆ

ಹಾಳುಬಿದ್ದ ಕೋಟೆಯ ಮುಂದೆ ನಿಂತವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಇದನ್ನು ಕಟ್ಟಿಸಿದವರು ಯಾರು? ಇದನ್ನು ಕೆಡವಿದವರು ಯಾರು? ಹೊಸಪೇಟೆಯ ಸುತ್ತಮುತ್ತ ಬದುಕುವ ನಮಗೆ ಈ ಎರಡು ಪ್ರಶ್ನೆಗಳು ಬಾಲ್ಯದ ಮಗ್ಗಿಯಷ್ಟೇ ಪರಿಚಿತ. ಹಂಪಿಗೆ ಶಾಲೆಯ ಪ್ರವಾಸ ಬಂದಾಗ ಮೇಷ್ಟ್ರು ಕೇಳುತ್ತಾರೆ, ಮಕ್ಕಳು ಒಕ್ಕೊರಲಿನಿಂದ ಉತ್ತರ ಕೊಡುತ್ತಾರೆ. ಮೊದಲನೆಯ ಉತ್ತರ ಹೇಳುವಾಗ ಎಲ್ಲ ಮಕ್ಕಳ ಕತ್ತು ಎತ್ತರದಲ್ಲಿರುತ್ತದೆ. ಎರಡನೆಯದನ್ನು ಹೇಳುವಾಗ ಸಾಲಿನಲ್ಲಿರುವ ಎರಡು ಮೂರು ಮಕ್ಕಳು ಸುಮ್ಮನೆ ನೆಲ ನೋಡುತ್ತಾರೆ. ತಮ್ಮ ಹೆಸರಿನಂಥದೇ ಹೆಸರುಗಳು ಆ ಉತ್ತರದಲ್ಲಿವೆ ಎಂಬುದು ಅವರಿಗೆ ಗೊತ್ತು. ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಪ್ರಶ್ನೆಯೇ ಸಾಲದು ಎಂದು ನಮಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಕೋಟೆಯೆಂದರೆ ಬರೀ ಗೋಡೆಯಲ್ಲ. ಗೋಡೆಯಲ್ಲಿ ಒಂದು ಬಾಗಿಲೂ ಇರುತ್ತದೆ. ಆ ಬಾಗಿಲು ಯಾರಿಗಾಗಿ ತೆರೆಯಿತು, ಯಾರಿಗಾಗಿ ಮುಚ್ಚಿತು ಎಂಬ ಮೂರನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಕೇಳಲು ಬೇಕಾದಷ್ಟು ಬಾಗಿಲುಗಳಿವೆ. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಝಾಕ್ ಇಲ್ಲಿ ಒಂದರೊಳಗೊಂದು ಏಳು ಸುತ್ತಿನ ಕೋಟೆ ಕಂಡೆನೆಂದು ಬರೆದ. ಹಂಪಿಯಲ್ಲಿ ಭೀಮನ ಬಾಗಿಲಿನ ಮೂಲಕ ಹಾದುಹೋದವರಿಗೆ ಆ ಕಾಲದ ಜಾಣತನ ಕಾಲಿನಲ್ಲೇ ತಿಳಿಯುತ್ತದೆ. ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ, ಗೋಡೆಗೆ ಬಡಿದು ತಿರುಗುತ್ತದೆ. ಓಡಿಬಂದ ಆನೆ, ಕುದುರೆ ಅಲ್ಲಿ ವೇಗ ಕಳೆದುಕೊಳ್ಳಬೇಕು. ಕಂಪ್ಲಿಯಲ್ಲಿ ತುಂಗಭದ್ರೆಯ ದಡದ ಮೇಲೆ ಹಳೆಯ ಕೋಟೆಯ ಊರಿದೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನ ಗಂಗಾವತಿಯ ಕಡೆಗಿನ ಸೇತುವೆ ಮುಳುಗಿ, ಹೊಳೆಯೇ ಆ ಊರಿನ ಒಂದು ಬಾಗಿಲನ್ನು ಮುಚ್ಚಿಬಿಡುತ್ತದೆ. ಸಂಡೂರಿನ ಬಳಿ ಕೃಷ್ಣಾನಗರದ ಕೋಟೆಯಿದೆ. ಹೈದರಲಿ ಅದನ್ನು ಕಟ್ಟಲು ತೊಡಗಿದ, ಟಿಪ್ಪು ಮುಗಿಸಿದ, ಆಮೇಲೆ ಅದು ಮರಾಠಾ ಘೋರ್ಪಡೆ ಮನೆತನದ ಸಂಸ್ಥಾನದೊಳಗೆ ಉಳಿಯಿತು. ಅದೇ ಸಂಡೂರಿನ ಬೆಟ್ಟಸಾಲಿನ ರಾಮಗಡವನ್ನು ಇತಿಹಾಸಕಾರರು ಕಂಪಿಲರಾಯನ ಮನೆತನದ ಹೊಸಮಲೆದುರ್ಗ ಎಂದು ಗುರುತಿಸುತ್ತಾರೆ. ಹೊಳೆಯಾಚೆ, ಗಂಗಾವತಿಯ ಸೀಮೆಯಲ್ಲಿ, ಅವನ ಕುಮ್ಮಟದುರ್ಗ. ಈ ಕೊನೆಯ ಎರಡು ಹೆಸರುಗಳಿಗೆ ಸೇರಿದ ಒಂದು ಬಾಗಿಲಿನ ಕತೆಯೇ ನಮ್ಮ ಮೂರನೆಯ ಪ್ರಶ್ನೆಗೆ ಮೂಲ.

ಆ ಕತೆ ಹೀಗಿದೆ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತ. ಓಡಿಬಂದವನು ಕಂಪಿಲರಾಯನ ಬಾಗಿಲು ತಟ್ಟಿದ. ರಾಯ ಬಾಗಿಲು ತೆರೆದ. ದೆಹಲಿಯ ಸೈನ್ಯ ಬೆನ್ನಟ್ಟಿ ಬಂತು. ಅತಿಥಿಯನ್ನು ಒಪ್ಪಿಸಲು ರಾಯ ಸಿದ್ಧನಿರಲಿಲ್ಲ. ಇದು 1327ರ ಸುಮಾರಿನ ಮಾತು. ಕೆಲವು ವರ್ಷಗಳ ನಂತರ ಹಿಂದೂಸ್ತಾನಕ್ಕೆ ಬಂದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಇದನ್ನು ಕೇಳಿ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ.

ಅವನ ಪ್ರಕಾರ ಕೋಟೆಯನ್ನು ಸೋಲಿಸಿದ್ದು ಕತ್ತಿಯಲ್ಲ, ಕಣಜ. ಮುತ್ತಿಗೆ ಬಿದ್ದ ಯಾವ ಕೋಟೆಯ ಕತೆಯೂ ಕೊನೆಗೆ ಕಾಳಿನ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಒಳಗೆ ಎಷ್ಟು ಬಾಯಿ, ಎಷ್ಟು ಚೀಲ, ಎಷ್ಟು ದಿನ. ಧಾನ್ಯ ಮುಗಿಯುತ್ತ ಬಂದಾಗ ರಾಯ ಅತಿಥಿಯನ್ನು ಕರೆದ. ನಾನು, ನನ್ನ ಮನೆಯವರು, ನನ್ನ ಜೊತೆಗೆ ನಿಂತವರು ಇಲ್ಲೇ ಮುಗಿಯಲು ತೀರ್ಮಾನಿಸಿದ್ದೇವೆ, ನೀನು ಇಂಥ ರಾಜನ ಬಳಿ ಹೋಗು, ಅವನು ಕಾಪಾಡುತ್ತಾನೆ ಎಂಬರ್ಥದ ಮಾತು ಹೇಳಿ ಅವನನ್ನು ಅಲ್ಲಿಗೆ ಮುಟ್ಟಿಸಿದ. ಆಮೇಲೆ ಕೋಟೆಯೊಳಗೆ ಬೆಂಕಿ ಹೊತ್ತಿತು. ಹೆಂಗಸರು ಅದರೊಳಗೆ ನಡೆದರು. ಗಂಡಸರು ಹೊರಗೆ ಬಂದು ಹೋರಾಡಿ ಸತ್ತರು. ಉಳಿದ ಊರು ಸೆರೆಯಾಯಿತು. ಅತಿಥಿ ಹೋಗಿ ಸೇರಿದ್ದು ಹೊಯ್ಸಳ ಮುಮ್ಮಡಿ ಬಲ್ಲಾಳನ ಬಳಿ. ಬಲ್ಲಾಳ ಅವನನ್ನು ಹಿಡಿದು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ಸುಲ್ತಾನ ತನ್ನ ಬಂಧುವಿನ ಚರ್ಮ ಸುಲಿಸಿದ.

ಒಬ್ಬ ದೊರೆ ಬಾಗಿಲು ತೆರೆದು ಎಲ್ಲವನ್ನೂ ಕಳೆದುಕೊಂಡ. ಇನ್ನೊಬ್ಬ ದೊರೆ ಮೊರೆ ಹೊಕ್ಕವನನ್ನು ಕೊಟ್ಟು ತನ್ನ ರಾಜ್ಯವನ್ನು ಆ ಹೊತ್ತಿಗೆ ಉಳಿಸಿಕೊಂಡ. ಇಬ್ಬರಲ್ಲಿ ಸರಿ ಯಾರು?

ಉತ್ತರ ಸುಲಭವೆಂದು ಮೊದಲಿಗೆ ತೋರುತ್ತದೆ. ಮೊರೆ ಹೊಕ್ಕವರನ್ನು ಕಾಯುವುದು ಈ ನೆಲದ ಹಳೆಯ ಧರ್ಮ. ಪಾರಿವಾಳಕ್ಕಾಗಿ ತನ್ನ ತೊಡೆಯ ಮಾಂಸ ಕೊಯ್ದು ಕೊಟ್ಟ ಶಿಬಿಯ ಕತೆ ಕೇಳಿ ಬೆಳೆದವರು ನಾವು. ಇತ್ತ ಮುಸ್ಲಿಮರ ಮನೆಗಳಲ್ಲಿ ಹೇಳುವ ನಜಾಶಿಯ ಕತೆಯೂ ಅಂಥದೇ. ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಪ್ರವಾದಿಯವರ ಅನುಯಾಯಿಗಳಲ್ಲಿ ಕೆಲವರು ಸುಮಾರು 615ರಲ್ಲಿ ಸಮುದ್ರ ದಾಟಿ ಅಬಿಸೀನಿಯಕ್ಕೆ ಹೋದರು. ಅಲ್ಲಿಯ ಕ್ರೈಸ್ತ ದೊರೆ ಅವರಿಗೆ ಆಶ್ರಯ ಕೊಟ್ಟ. ಕುರೈಶರ ದೂತರು ಕಾಣಿಕೆಗಳನ್ನು ಹೊತ್ತು ಬಂದು ನಮ್ಮವರನ್ನು ನಮಗೆ ಕೊಡಿ ಎಂದರು. ದೊರೆ ಓಡಿಬಂದವರ ಮಾತನ್ನೂ ಕೇಳಿ, ಕಾಣಿಕೆಗಳನ್ನು ವಾಪಸು ಕಳುಹಿಸಿದ. ಕುರ್‌ಆನಿನ ಒಂಬತ್ತನೆಯ ಅಧ್ಯಾಯದಲ್ಲಿ, ಯುದ್ಧದ ಮಾತಿನ ನಡುವೆಯೇ, ಎದುರು ಪಕ್ಷದವನೊಬ್ಬ ಆಶ್ರಯ ಕೇಳಿದರೆ ಕೊಡಬೇಕು, ಆಮೇಲೆ ಅವನನ್ನು ಅವನಿಗೆ ಭಯವಿಲ್ಲದ ಜಾಗಕ್ಕೆ ತಲುಪಿಸಬೇಕು ಎಂಬ ಅರ್ಥದ ಆಜ್ಞೆಯಿದೆ. ಕಂಪಿಲರಾಯ ಆ ಗ್ರಂಥವನ್ನು ಓದಿದವನಲ್ಲ. ಆದರೂ ಅದು ಹೇಳುವ ಎರಡು ಕೆಲಸಗಳನ್ನೂ ಅವನು ಮಾಡಿದ. ಒಳಗೆ ಬಿಟ್ಟುಕೊಂಡ, ಕೊನೆಗೆ ಮುಂದಿನ ಜಾಗಕ್ಕೆ ತಲುಪಿಸಿದ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವು ಮೋಸ ಮಾಡಿದಂತಾಗುತ್ತದೆ. ಶಿಬಿ ಕೊಯ್ದದ್ದು ತನ್ನ ತೊಡೆಯನ್ನು, ಪಕ್ಕದಲ್ಲಿ ನಿಂತವನ ತೊಡೆಯನ್ನಲ್ಲ. ನಜಾಶಿ ಕಳೆದುಕೊಂಡದ್ದು ಕಾಣಿಕೆಗಳನ್ನು ಮಾತ್ರ. ಅವನ ಬಾಗಿಲಿನಲ್ಲಿ ಸೈನ್ಯ ನಿಂತಿರಲಿಲ್ಲ. ಕಂಪಿಲರಾಯನ ಸ್ಥಿತಿ ಬೇರೆ. ಅವನು ಕೊಟ್ಟ ಮಾತಿನ ಬೆಲೆಯನ್ನು ಕಟ್ಟಿದವರು ಅವನೊಬ್ಬನೇ ಅಲ್ಲ. ಬೆಂಕಿಗೆ ನಡೆದ ಹೆಂಗಸರು ಕಟ್ಟಿದರು. ಸೆರೆಯಾಗಿ ಹೋದ ಒಕ್ಕಲಿಗರು, ಕುಂಬಾರರು, ದನಗಾಹಿಗಳು ಕಟ್ಟಿದರು. ಆಶ್ರಯ ಕೊಡಬೇಕೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಓಡಿಬಂದವನು ನಿರಪರಾಧಿ ಹಸುಳೆಯೂ ಅಲ್ಲ. ಅಧಿಕಾರಕ್ಕಾಗಿ ಕತ್ತಿ ಹಿಡಿದವನು. ಒಬ್ಬನಿಗಾಗಿ ಒಂದು ಊರೇ ಸುಡಬೇಕೇ ಎಂದು ಕೇಳುವವರ ಬಾಯಿ ಮುಚ್ಚಿಸುವ ಹಕ್ಕು ಯಾವ ವೀರಗಾಥೆಗೂ ಇಲ್ಲ. ಬಲ್ಲಾಳನ ಪರವಾಗಿ ಹೇಳಬಹುದಾದ ಮಾತು ಇದೇ. ಅವನ ಊರಿನ ಹೆಂಗಸರು ಆ ವರ್ಷ ಬೆಂಕಿಗೆ ಬೀಳಲಿಲ್ಲ.

ಬಲ್ಲಾಳನ ಕೊನೆಯೂ ಘೋರವಾಗಿತ್ತು. ಮುಂದೆ 1342-43ರ ಸುಮಾರಿಗೆ ಅವನು ಮುಪ್ಪಿನಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಅವನ ಚರ್ಮವನ್ನು ಸುಲಿದು, ಹುಲ್ಲು ತುಂಬಿ, ಗೋಡೆಗೆ ತೂಗುಹಾಕಿದ್ದನ್ನು ಇಬ್ನ್ ಬತೂತ ತಾನೇ ಕಂಡೆನೆಂದು ಬರೆದಿದ್ದಾನೆ. ಮಾಡಿದ್ದುಣ್ಣೋ ಮಹರಾಯ ಎಂದು ಕೆಲವರು ಇದನ್ನು ನೀತಿಕತೆ ಮಾಡಿಬಿಡುತ್ತಾರೆ. ನಮಗೆ ಅದು ಒಪ್ಪಿಗೆಯಾಗುವುದಿಲ್ಲ. ಕೆಟ್ಟ ಸಾವೇ ಶಿಕ್ಷೆಯಾದರೆ ಕಂಪಿಲರಾಯನ ಸಾವಿಗೆ ಏನೆಂದು ಹೆಸರಿಡುವುದು? ಬೆಂಕಿಗೆ ಬಿದ್ದ ಹೆಂಗಸರು ಯಾರಿಗೆ ದ್ರೋಹ ಬಗೆದಿದ್ದರು? ಸಾವಿನ ರೀತಿಯಿಂದ ಬದುಕಿನ ಸರಿತಪ್ಪನ್ನು ಅಳೆಯಲಾಗದು.

ಹಾಗಾದರೆ ಅಳೆಯುವುದು ಹೇಗೆ? ಇಡೀ ಚರ್ಚೆಯಲ್ಲಿ ಒಬ್ಬ ಮನುಷ್ಯ ಸದ್ದಿಲ್ಲದೆ ತಪ್ಪಿಸಿಕೊಳ್ಳುತ್ತಿದ್ದಾನೆ ಎಂಬುದನ್ನು ಗಮನಿಸಬೇಕು. ರಾಯ ಸರಿಯೋ ಬಲ್ಲಾಳ ಸರಿಯೋ ಎಂದು ನಾವು ತಲೆ ಕೆಡಿಸಿಕೊಳ್ಳುವಾಗ, ಮುತ್ತಿಗೆ ಹಾಕಿದವನನ್ನು ಬಿರುಗಾಳಿಯಂತೆ, ಮಹಾಪೂರದಂತೆ, ತಪ್ಪಿಸಲಾಗದ ಸಂಗತಿಯೆಂದು ಭಾವಿಸಿಬಿಡುತ್ತೇವೆ. ಆದರೆ ಸೈನ್ಯವೆಂದರೆ ಮಳೆಯಲ್ಲ. ಒಬ್ಬ ಮನುಷ್ಯನ ಬೆಲೆ ಒಂದು ಊರು ಎಂದು ನಿಗದಿ ಮಾಡಿದವನು ಬಾಗಿಲು ತೆರೆದವನಲ್ಲ. ಬಾಗಿಲಿನ ಹೊರಗೆ ನಿಂತವನು. ಸೋತ ಬಂಧುವನ್ನು ಕ್ಷಮಿಸಬಹುದಿತ್ತು, ದೇಶ ಬಿಟ್ಟು ಹೋಗಲು ಬಿಡಬಹುದಿತ್ತು, ಸೆರೆಯಲ್ಲಿಡಬಹುದಿತ್ತು. ಅವನು ಚರ್ಮ ಸುಲಿಯುವುದನ್ನು ಆರಿಸಿಕೊಂಡ. ಆಶ್ರಯ ಕೊಟ್ಟವನನ್ನು ಕೊಲೆಗಾರನನ್ನಾಗಿಯೂ, ಕೊಡದವನನ್ನು ದ್ರೋಹಿಯನ್ನಾಗಿಯೂ ಮಾಡುವುದೇ ದಬ್ಬಾಳಿಕೆಯ ಹಳೆಯ ವಿದ್ಯೆ. ಬಲಿಯಾದವರು ಒಬ್ಬರನ್ನೊಬ್ಬರು ವಿಚಾರಣೆ ಮಾಡುತ್ತ ಕುಳಿತರೆ, ದಬ್ಬಾಳಿಕೆ ಮಾಡಿದವನಿಗೆ ಬೇರೆ ವಕೀಲರೇ ಬೇಡ.

ಇಷ್ಟು ಹೇಳಿದರೂ ರಾಯನ ಹೊಣೆ ಪೂರ್ತಿ ಇಳಿಯುವುದಿಲ್ಲ. ಕೊಟ್ಟ ಮಾತಿಗಾಗಿ ತನ್ನ ಪ್ರಾಣವನ್ನು ಕೊಡುವ ಅಧಿಕಾರ ಮನುಷ್ಯನಿಗಿದೆ. ಕೇಳದೆ ಇನ್ನೊಬ್ಬರ ಪ್ರಾಣವನ್ನು ಕೊಡುವ ಅಧಿಕಾರ ದೊರೆಗೂ ಇಲ್ಲ. ಅತಿಥಿಗಾಗಿ ತೆರೆದ ಹಿಂಬಾಗಿಲನ್ನು ಊರಿನ ಮಕ್ಕಳಿಗಾಗಿಯೂ ತೆರೆಯಬಹುದಿತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಮಾನವೆಂಬುದು ಗಂಡಸರ ಕತ್ತಿಯಲ್ಲಿ, ಅದರ ಕಂದಾಯ ಹೆಂಗಸರ ಮೈಯಲ್ಲಿ ಎಂಬ ಲೆಕ್ಕವನ್ನು ಇಂದು ನಾವು ತಲೆದೂಗಿ ಒಪ್ಪಲಾರೆವು. ಅದಕ್ಕಾಗಿಯೇ ನಮಗೆ ಅನ್ನಿಸುವುದು ಇಷ್ಟು: ಬಾಗಿಲು ತೆರೆದದ್ದರಲ್ಲಿ ರಾಯ ಸರಿ. ಮನೆಯವರನ್ನೆಲ್ಲ ತನ್ನ ಮಾತಿನೊಳಗೆ ಕಟ್ಟಿಹಾಕಿದ್ದರಲ್ಲಿ ಸರಿಯಲ್ಲ. ಆದರೆ ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಅಳಿಸಿಹಾಕುವುದು ಬಲ್ಲಾಳನ ದಾರಿ.

ನಮ್ಮ ಜನ ಈ ಕತೆಯನ್ನು ಹೇಗೆ ನೆನಪಿಟ್ಟುಕೊಂಡರು ಎಂಬುದೂ ಯೋಚಿಸುವ ಸಂಗತಿಯೇ. ಕಂಪಿಲರಾಯನ ಮಗ ಕುಮಾರರಾಮನ ಬಗ್ಗೆ ನಂಜುಂಡ, ಪಾಂಚಾಳ ಗಂಗ ಮೊದಲಾದವರು ಸಾಂಗತ್ಯಗಳನ್ನು ಬರೆದರು. ಜನಪದರು ಹಾಡಿದರು, ಗುಡಿ ಕಟ್ಟಿದರು. ಆ ಕಾವ್ಯಗಳಲ್ಲಿ ಮುನ್ನೆಲೆಗೆ ಬಂದದ್ದು ಮಲತಾಯಿ ರತ್ನಾಜಿಯ ಮೋಹ, ಮಗನನ್ನು ಕೊಲ್ಲಲು ತಂದೆಯ ಆಜ್ಞೆ, ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಕಾಪಾಡಿದ್ದು, ಪರನಾರಿ ಸಹೋದರನೆಂಬ ಅವನ ಬಿರುದು. ಮೊರೆ ಹೊಕ್ಕ ತುರುಕ ಅತಿಥಿ ಮೆಲ್ಲಗೆ ಮೂಲೆಗೆ ಸರಿದ. ಈಗಂತೂ ವೇದಿಕೆಯ ಭಾಷಣಗಳಲ್ಲಿ ಅವನು ಕಾಣುವುದೇ ಇಲ್ಲ. ತುರುಕರು ಬಂದರು, ರಾಮ ಕಾದಿದ, ಸತ್ತ ಎಂಬಷ್ಟಕ್ಕೆ ಕತೆ ಮುಗಿಯುತ್ತದೆ. ಆದರೆ ಕುಮ್ಮಟದ ಗೋಡೆಯ ಒಳಗೂ ಒಬ್ಬ ತುರುಕನಿದ್ದ, ಅವನಿಗಾಗಿಯೇ ಆ ಗೋಡೆ ಸೆಟೆದು ನಿಂತಿತು ಎಂದು ಹೇಳಿದರೆ ಯಾರಿಗೂ ಅವಮಾನವಿಲ್ಲ. ಅದು ಕಂಪಿಲರಾಯನ ಕೀರ್ತಿಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ಕತೆಗೆ ಇನ್ನೊಂದು ಎಳೆಯಿದೆ. ಸೆರೆಯಾದ ರಾಯನ ಮಕ್ಕಳು ಹನ್ನೊಂದು ಮಂದಿಯನ್ನು ಸುಲ್ತಾನನ ಬಳಿಗೆ ಒಯ್ದರು, ಅವರು ಮುಸ್ಲಿಮರಾದರು, ತಂದೆಯ ನಡತೆಯನ್ನು ಮೆಚ್ಚಿ ಸುಲ್ತಾನ ಅವರಿಗೆ ಅಮೀರರ ಸ್ಥಾನ ಕೊಟ್ಟ ಎಂದು ಇಬ್ನ್ ಬತೂತ ಬರೆಯುತ್ತಾನೆ. ಅವರಲ್ಲಿ ನಸ್ರ್, ಬಖ್ತಿಯಾರ್ ಎಂಬವರನ್ನು ಅವನು ಕಂಡಿದ್ದ. ಸುಲ್ತಾನನ ಕುಡಿಯುವ ನೀರಿಗೆ ಮುದ್ರೆ ಒತ್ತುವ ಕೆಲಸದ ಇನ್ನೊಬ್ಬ ಅವನ ಗೆಳೆಯನೇ ಆಗಿದ್ದ. ತಂದೆಯನ್ನು ಕೊಂದವನ ನೀರು ಕಾಯುವ ಕೆಲಸ! ಆ ಮಗನ ಮನಸ್ಸಿನೊಳಗೆ ಏನಿತ್ತೆಂದು ಊಹಿಸಲು ಕತೆಗಾರರಿಗೂ ಎದೆ ನಡುಗುತ್ತದೆ. ಈಗ ಹೇಳಿ, ಅವರ ಮೊಮ್ಮಕ್ಕಳು ಯಾರ ಕಡೆಯವರು? ಕುಮ್ಮಟದ ಸೋಲು ಅವರದೋ, ದೆಹಲಿಯ ಗೆಲುವು ಅವರದೋ? ಹೆಸರು ನೋಡಿ ಪಿತ್ರಾರ್ಜಿತ ಹಂಚುವವರು ಇಲ್ಲಿ ದಾರಿ ತಪ್ಪುತ್ತಾರೆ. ಆಸ್ತಿಗೆ ಪಹಣಿ ಉಂಟು. ಪಾಪಕ್ಕೂ ಪುಣ್ಯಕ್ಕೂ ಪಹಣಿ ಇಲ್ಲ.

ಕಂಪಿಲಿ ಬಿದ್ದು ಹತ್ತು ವರ್ಷವಾಗುವಷ್ಟರಲ್ಲಿ, 1336ರಲ್ಲಿ, ಅದೇ ಸೀಮೆಯಲ್ಲಿ ವಿಜಯನಗರ ಹುಟ್ಟಿತೆಂದು ಸಾಂಪ್ರದಾಯಿಕವಾಗಿ ಹೇಳುತ್ತಾರೆ. ಅದರ ಬಾಗಿಲುಗಳ ಕತೆಯೂ ಸರಳವಲ್ಲ. ತಳವಾರಘಟ್ಟದ ಕಡೆಗೆ ಹೋಗುವ ದಾರಿಯ ಸಮೀಪ 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿ ಇದೆ. ಅದರ ಶಾಸನ ಅದನ್ನು ಧರ್ಮಶಾಲೆ ಎಂದು ಕರೆದು, ಇಮ್ಮಡಿ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದಾಗಿ ಹೇಳುತ್ತದೆ. ಮಸೀದಿ ಕಟ್ಟಿದವನು ಅದರ ಪುಣ್ಯವನ್ನು ಹಿಂದೂ ದೊರೆಗೆ ಬರೆದುಕೊಟ್ಟ! ಮುಸ್ಲಿಂ ಸೈನಿಕರು ಸಂಕೋಚವಿಲ್ಲದೆ ವಂದಿಸಲೆಂದು ಆ ದೊರೆ ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇಡಿಸಿದ್ದನೆಂದು ಫರಿಷ್ತಾ ಬರೆದಿದ್ದಾನೆ. ಅದೇ ಫರಿಷ್ತಾ ಪ್ರಕಾರ ಬಿಜಾಪುರದ ಅಲಿ ಆದಿಲ್‌ಶಾ, ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಮಾಧಾನಪಡಿಸಲು ತಾನೇ ವಿಜಯನಗರಕ್ಕೆ ಬಂದ. ರಾಮರಾಯನ ಪತ್ನಿ ಅವನನ್ನು ಮಗನೆಂದು ಕರೆದಳು. 1565ರ ಜನವರಿಯಲ್ಲಿ ಆ ‘ಮಗ’ನೇ ಉಳಿದ ಸುಲ್ತಾನರ ಜೊತೆ ಸೇರಿ ಎದುರು ನಿಂತ. ರಾಮರಾಯ ಸತ್ತ, ನಗರ ಹಾಳಾಯಿತು. ರಾಮರಾಯನ ಸೈನ್ಯದ ಇಬ್ಬರು ಮುಸ್ಲಿಂ ಸರದಾರರು ಕದನದ ನಡುವೆ ಪಕ್ಷ ಬದಲಿಸಿದರೆಂದು ಎರಡು ವರ್ಷದ ಬಳಿಕ ಬಂದ ಇಟಲಿಯ ಯಾತ್ರಿಕ ಬರೆದ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಉಪ್ಪಿಗೆ ಎರಡು ಬಗೆದವನನ್ನು ದ್ರೋಹಿ ಎನ್ನಲು ಯಾವ ಧರ್ಮದ ಅಡ್ಡಿಯೂ ಇಲ್ಲ. ಹಾಗೆಯೇ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಕಂಪಿಲಿಯ ಅರಮನೆಯನ್ನು ನಾಶಮಾಡಿದ್ದಾಗಿ ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಯಿಂದ ಸಾರುತ್ತವೆ. ಅದಕ್ಕಾಗಿ ಇಂದು ತಮಿಳುನಾಡಿನಿಂದ ಹಂಪಿಗೆ ಬಂದ ಯಾತ್ರಿಕನನ್ನು ಯಾರೂ ಕೆಕ್ಕರಿಸಿ ನೋಡುವುದಿಲ್ಲ. ನೋಡಬಾರದು ಕೂಡ. ಆ ನ್ಯಾಯ ಎಲ್ಲರಿಗೂ ಒಂದೇ ಇರಬೇಕು.

ಭೂಮಧ್ಯ ಸಮುದ್ರದ ದಂಡೆಯಲ್ಲೂ ಇಂಥ ಕೋಟೆಗಳು ಸಾಲುಗಟ್ಟಿ ನಿಂತಿವೆ. ಸಿರಿಯಾದಲ್ಲಿ ಕ್ರೈಸ್ತ ಯೋಧರು ಕಟ್ಟಿದ ಕ್ರಾಕ್ ಕೋಟೆಯನ್ನು 1271ರಲ್ಲಿ ಸುಲ್ತಾನ ಬೈಬರ್ಸ್ ಗೆದ್ದ. ಪ್ರಾರ್ಥನೆಯ ಮನೆ ಕೈ ಬದಲಾಯಿಸಿತು. 1492ರಲ್ಲಿ ಗ್ರಾನಡಾದ ಅಲ್‌ಹಂಬ್ರಾ ಕ್ರೈಸ್ತ ದೊರೆಗಳ ವಶವಾಯಿತು. ಅಲ್ಲಿ ಸೋತವರು ಮುಸ್ಲಿಮರು. ಅಲ್‌ಹಂಬ್ರಾದ ಹೆಸರು ಕೇಳಿದೊಡನೆ ನಿಟ್ಟುಸಿರು ಬಿಡುವ ನಮ್ಮ ಉರ್ದು ಓದುಗರು, ಹಂಪಿಯ ಮುಂದೆ ನಿಂತ ಕನ್ನಡಿಗನ ನಿಟ್ಟುಸಿರನ್ನೂ ಅರ್ಥಮಾಡಿಕೊಳ್ಳಬೇಕು. ಎರಡೂ ಒಂದೇ ಎದೆಯಿಂದ ಬರುವ ಉಸಿರು. ಆ ಉಸಿರನ್ನು ನೆರೆಯವನ ಮೇಲಿನ ಬಿಸಿಯುಸಿರಾಗಿ ಮಾಡುವುದು ಮಾತ್ರ ತಪ್ಪು.

ಬಾಗಿಲಿನ ಪ್ರಶ್ನೆ ಹಳೆಯ ಕಾಲಕ್ಕೆ ಮುಗಿದುಹೋಗಿಲ್ಲ. ವಿರೂಪಾಕ್ಷ ದೇವಾಲಯದ ಮುಂದಿನ ಹಂಪಿ ಬಜಾರಿನ ಹಳೆಯ ಕಲ್ಲುಮಂಟಪಗಳಿಗೆ ಗೋಡೆ ಕಟ್ಟಿಕೊಂಡು ಎಷ್ಟೋ ಕುಟುಂಬಗಳು ಬದುಕುತ್ತಿದ್ದವು. 2011ರ ಜುಲೈಯಲ್ಲಿ ಅವುಗಳನ್ನು ತೆರವು ಮಾಡಿದರು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿಯ ಕಲ್ಲನ್ನು ಕಾಯಬೇಕಾದದ್ದು ನಿಜ. ಮಂಟಪಕ್ಕೆ ಮೊಳೆ ಹೊಡೆದರೆ ಅದು ಮುಂದಿನ ಪೀಳಿಗೆಗೆ ಮಾಡುವ ಅನ್ಯಾಯ. ಆದರೆ ಕಲ್ಲಿಗೆ ಆಶ್ರಯ ಕೊಡಲು ಮನುಷ್ಯರ ಆಶ್ರಯ ಕಿತ್ತುಕೊಳ್ಳುವಾಗ, ಮೊದಲು ಸೂರು ಕೊಟ್ಟು ಆಮೇಲೆ ಗೋಡೆ ಕೆಡಹುವುದು ಕನಿಷ್ಠ ಮರ್ಯಾದೆ. ಕಂಪಿಲರಾಯನೂ ಅತಿಥಿಯನ್ನು ಕಳುಹಿಸುವ ಮುನ್ನ ಎಲ್ಲಿಗೆ ಹೋಗಬೇಕೆಂದು ಹೇಳಿ ಕಳುಹಿಸಿದ್ದ.

ಅಷ್ಟು ದೊಡ್ಡ ಮಾತೂ ಬೇಡ. ನಮ್ಮ ಊರುಗಳಲ್ಲಿ ಬಾಡಿಗೆ ಮನೆ ಹುಡುಕುವವರ ಅನುಭವ ಕೇಳಿ. ಮನೆ ತೋರಿಸುತ್ತಾರೆ, ನೀರು ಕರೆಂಟಿನ ಮಾತು ಮುಗಿಯುತ್ತದೆ, ಕೊನೆಗೆ ಹೆಸರು ಕೇಳುತ್ತಾರೆ. ಹೆಸರು ಕೇಳಿದ ಮೇಲೆ ಬರುವ ಮಾತು ಎಲ್ಲ ಕಡೆಯೂ ಒಂದೇ: “ನಮ್ದೇನೂ ಇಲ್ರೀ, ಆದ್ರ ಓಣ್ಯಾಗಿನವ್ರು ಒಪ್ಪಂಗಿಲ್ಲ.” ಇದು ಬಲ್ಲಾಳನ ಮಾತು. ನನಗೇನೂ ದ್ವೇಷವಿಲ್ಲ, ಹೊರಗೆ ಸೈನ್ಯ ನಿಂತಿದೆ ಎಂಬ ಮಾತು. ಬಲ್ಲಾಳನ ಹೊರಗಾದರೂ ನಿಜವಾದ ಸೈನ್ಯವಿತ್ತು. ಇಲ್ಲಿ ಇರುವುದು ಪಕ್ಕದ ಮನೆಯವರ ಹುಬ್ಬುಗಂಟು ಮಾತ್ರ. ಈ ಮಾತು ಒಂದೇ ಸಮುದಾಯದ್ದೆಂದು ಹೇಳಿದರೆ ನಾವು ಸುಳ್ಳುಗಾರರಾಗುತ್ತೇವೆ. ನಮ್ಮ ಮೊಹಲ್ಲಾಗಳಲ್ಲೂ ಗಂಡನ ಹೊಡೆತ ತಾಳದೆ ಮಗುವನ್ನೆತ್ತಿಕೊಂಡು ಬಂದ ಹೆಣ್ಣುಮಗಳಿಗೆ ಬಾಗಿಲು ತೆರೆಯುವ ಮುನ್ನ ನಾಲ್ಕು ಜನ ಏನಂದಾರು ಎಂದು ಯೋಚಿಸುತ್ತಾರೆ. ಸಂಡೂರಿನ ಗಣಿಗೆ ದೂರದಿಂದ ಕೂಲಿಗೆ ಬಂದವನ ಜಾತಿಯನ್ನು ಊರೂರಿನಲ್ಲಿ ಕೇಳುತ್ತಾರೆ. ಎಲ್ಲರ ಬಾಯಲ್ಲೂ ಅದೇ ಓಣಿಯವರು, ಅದೇ ನಾಲ್ಕು ಜನ.

ಕಂಪಿಲರಾಯನಷ್ಟು ಬೆಲೆ ತೆರಬೇಕೆಂದು ಇಂದು ನಮ್ಮನ್ನು ಯಾರೂ ಕೇಳುತ್ತಿಲ್ಲ. ಕಣಜ ಬರಿದಾಗುವುದಿಲ್ಲ, ಬೆಂಕಿ ಹೊತ್ತುವುದಿಲ್ಲ. ಬಹಳವೆಂದರೆ ನಾಲ್ಕು ದಿನ ಯಾರೋ ಮಾತು ಬಿಡುತ್ತಾರೆ. ಅಷ್ಟು ಅಗ್ಗದ ಬೆಲೆಗೂ ನಮ್ಮ ಕೈ ಜೇಬಿಗೆ ಹೋಗುವುದಿಲ್ಲವೆಂದರೆ, ಕುಮ್ಮಟದ ವೀರರಿಗೆ ಹಾಕುವ ಹಾರಕ್ಕೆ ಅರ್ಥವೇನು? ಇನ್ನು ಮುಂದೆ ಮಕ್ಕಳನ್ನು ಕೋಟೆಗೆ ಕರೆದೊಯ್ಯುವ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ಕಟ್ಟಿದವರ ಹೆಸರು ಕೇಳಿ, ಕೆಡವಿದವರ ಹೆಸರನ್ನೂ ಕೇಳಿ. ಆಮೇಲೆ ಇದರ ಬಾಗಿಲಿಗೆ ಓಡಿಬಂದವನು ಯಾರು, ಆಗ ಒಳಗಿದ್ದವರು ಏನು ಮಾಡಿದರು ಎಂದೂ ಕೇಳಿ. ಉತ್ತರ ಹೇಳುವಾಗ ಯಾವ ಮಗುವೂ ನೆಲ ನೋಡಬೇಕಾಗಿಲ್ಲ. ಎಲ್ಲ ಮಕ್ಕಳೂ ಒಂದು ಕ್ಷಣ ತಮ್ಮ ತಮ್ಮ ಮನೆಯ ಬಾಗಿಲನ್ನು ನೆನೆದುಕೊಂಡರೆ ಸಾಕು.